ಗಿಣಿ ಕಟ್ಟಿದ ಚಾವಿ

ಮೊನ್ನೆ ನಮ್ಮೂರು ಬಮ್ಮಿಗಟ್ಟಿಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಕುಂತು ಮರದ ಗಿಣಿಗೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಕಲಘಟಗಿಯ ಅಂಗಡಿಗೆ ತೊಟ್ಟಿಲಿಗೆ ತೂಗು ಹಾಕುವ ಗಿಣಿ ಮಾಡಿಕೊಡುವುದು ಅವರ ಕೆಲಸ. ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಕಾಲೇಜಿನ ಸಂಡಾಸದ ಚಾವಿ ನೆನಪಾಯಿತು. ನಗಬ್ಯಾಡ್ರಿ. ಚಾವಿಯ ಹಿಂದೆ ಆಟದ ಮೇಡಂ ಇದ್ದಾರೆ...

ದೈಹಿಕ ಶಿಕ್ಷಣ ಕಲಿಸುತ್ತಿದ್ದರು, ಹಿಂಗಾಗಿ ಎಲ್ಲರಿಗೂ ಆಟದ ಮೇಡಂ. ಸೀರೆಯ ಕೆಳಗೆ ಬೂಟು, ಕೊರಳಲ್ಲಿ ಸೀಟಿ. ಮನೆಯಲ್ಲಿ ಉರ್ದು, ಮೈದಾನದಲ್ಲಿ ಅಗದಿ ಖಡಕ್ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ ಬರುತ್ತಿದ್ದವು. ನನ್ನ ಮೇಲೆ ಅವರಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಖೋ ಖೋದಲ್ಲಿ ನಾನು ದಂಡಪಿಂಡ ಅನ್ನುವುದಷ್ಟೇ ಗೊತ್ತಿತ್ತು.

ಹೆಣ್ಣುಮಕ್ಕಳ ಸಂಡಾಸಕ್ಕೆ ಕೀಲಿ ಹಾಕಿ, ಚಾವಿಯನ್ನು ಕ್ಲರ್ಕ್ ಕಡೆ ಇಟ್ಟಿದ್ದರು. ಹೊರಗಿನವರು ಬಂದು ಹೊಲಸು ಮಾಡುತ್ತಾರೆ ಅನ್ನುವುದು ಕಾರಣ. ಕ್ಲರ್ಕ್ ಕೆಟ್ಟವನಲ್ಲ. ಆದರೆ ಹುಡುಗರು ಫೀ ತುಂಬಲು ನಿಂತ ಖಿಡಕಿಯಲ್ಲಿ ನಾವು ಚಾವಿ ಕೇಳಬೇಕು, ಅವನು "ಯಾರಿಗವಾ?" ಅಂತ ಒದರಬೇಕು... ಯಾರಿಗೆ ಬೇಕು ಆ ಫಜೀತಿ! ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆ ಮನೆ ಮುಟ್ಟುವ ತನಕ ನೀರೇ ಕುಡಿಯುತ್ತಿರಲಿಲ್ಲ. ಇದನ್ನು ಯಾರೂ ಕಲಿಸಿರಲಿಲ್ಲ, ಹಿಂದಿನ ಹುಡುಗಿಯರನ್ನು ನೋಡಿ ಕಲಿತಿದ್ದೆವು.

ಎರಡನೇ ವರ್ಷ ನನಗೆ ಉರಿಮೂತ್ರ ಶುರುವಾಯಿತು, ಅದರ ಮೇಲೆ ಜ್ವರ. ಕಡಿಮೆಯಾಗುವುದು, ಮತ್ತೆ ಬರುವುದು. ಮನೆಯಲ್ಲಿ ಬರೀ ಜ್ವರ ಅಂದಿದ್ದೆ. ಒಂದು ದಿನ ಮೈದಾನದಲ್ಲೇ ಬಿದ್ದೆ. ಮೇಡಂ ದವಾಖಾನೆಗೆ ಕರೆದೊಯ್ದು, "ಮುಂಜಾನಿಂದ ಎಷ್ಟ ನೀರ ಕುಡದೀ?" ಅಂತ ಕೇಳಿದರು. ಇಲ್ರಿ ಅಂದೆ. "ನಿನ್ನೆ?" ನಿನ್ನೆಯೂ ಇಲ್ರಿ. ಆಮೇಲೆ ಬಂದದ್ದೆಲ್ಲ ಉರ್ದು.

ಅವ್ವ ತೀರ್ಪು ಕೊಟ್ಟುಬಿಟ್ಟಳು. "ಸಾಕಿನ್ನ ಕಾಲೇಜು. ಜೀವಕ್ಕಿಂತ ಡಿಗ್ರಿ ದೊಡ್ಡದೇನ?" ಅಪ್ಪ ಸುಮ್ಮನಿದ್ದರು. ನಮ್ಮ ಮನೆಯಲ್ಲಿ ಅಪ್ಪ ಸುಮ್ಮನಿದ್ದರೆ ಹೌದು ಅಂತಲೇ ಅರ್ಥ. ನಾನು ಕೌದಿ ಹೊದ್ದು ಅತ್ತೆ.

ಆ ವಾರವೇ ಮೇಡಂ ಮನೆಗೆ ಬಂದರು. ಚಹಾ ಬ್ಯಾಡ್ರಿ ಅಂದು, ತುಂಬಿದ ತಂಬಿಗೆ ನೀರು ಇಸಿದುಕೊಂಡು ಕುಡಿದು ಕೆಳಗಿಟ್ಟು, ನೇರ ಅಪ್ಪನಿಗೇ ಹೇಳಿದರು: "ನಿಮ್ಮ ಮಗಳಿಗೆ ಕಾಲೇಜಿಂದ ಜಡ್ಡ ಬಂದಿಲ್ರಿ. ಸಂಡಾಸದ ಚಾವಿ ಕೇಳಾಕ ನಾಚಿ, ನೀರ ಬಿಟ್ಟು ಬಂದೈತಿ."

ಅವ್ವನಿಗೆ ಮೈಯೆಲ್ಲ ಬೆಂಕಿ. "ಗಂಡಸರ ಮುಂದ ಇಂಥಾ ಮಾತೇನ್ರಿ?"

"ಗಂಡಸರ ಮುಂದ ಆಡಲಾರದಕ್ಕನ ಹುಡುಗಿ ಹಾಸಿಗಿ ಹಿಡದಾಳ್ರಿ" ಅಂದರು ಮೇಡಂ. "ನಾಳಿಂದ ಚಾವಿ ಬಾಗಲ ಬಾಜು ಮೊಳೀಗೆ ತೂಗು ಹಾಕ್ತೀನಿ. ಆಕೀನ್ನ ಕಳಸ್ರಿ."

ಅಪ್ಪ ಎದ್ದು ಒಳಗೆ ಹೋಗಿ ಹಸಿರು ಗಿಣಿಯೊಂದನ್ನು ತಂದು ಕೊಟ್ಟರು. "ಚಾವಿ ಇದಕ್ಕ ಕಟ್ರಿ. ಇಷ್ಟ ದೊಡ್ಡದನ್ನ ಯಾರೂ ಮರತು ಕಿಸೇದಾಗ ಹಾಕ್ಕೊಂಡು ಹೋಗೂದಿಲ್ಲ." ನಾನು ಮತ್ತೆ ಕಾಲೇಜಿಗೆ ಹೋಗುತ್ತೇನೆ ಅನ್ನುವುದು ನನಗೆ ಗೊತ್ತಾದದ್ದು ಹೀಗೆ.

ಹೊಸ ಹುಡುಗಿಯರಿಗೆ ಇದನ್ನೆಲ್ಲ ತಿಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. "ನಾ ಹೇಳಿದ್ರ ಹೆದರ್ತಾರ, ನೀನ ಹೇಳು" ಅಂದರು ಮೇಡಂ. ಮೊದಮೊದಲು ಮುಖ ಕೆಂಪಾಗುತ್ತಿತ್ತು. ಆಮೇಲೆ ಹುಡುಗಿಯರೇ ಬಂದು ಬೇರೆ ಮಾತು ತೆಗೆಯತೊಡಗಿದರು. ತಿಂಗಳ ಹೊಟ್ಟೆನೋವು, ಉಣ್ಣದೆ ಬರುವುದು, ಪರೀಕ್ಷೆಯ ಅಂಜಿಕೆ, ನಿದ್ದೆ ಬಾರದ್ದು... ನನಗೆ ಗೊತ್ತಿಲ್ಲದ್ದನ್ನು ಮೇಡಂಗೆ ಕೇಳುತ್ತಿದ್ದೆ, ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತಿದ್ದೆವು. ಹುಡುಗರು ನನಗೆ ನೀರಿನ ಮೇಡಂ ಅಂತ ಹೆಸರಿಟ್ಟರು. ಇಡಲಿ ಬಿಡ್ರಿ, ನನಗೆ ಆ ಕೆಲಸ ಸೇರಿತ್ತು.

ಬಿ.ಎ. ಮುಗಿದ ಮೇಲೆ ಎಲ್ಲರೂ ಬಿ.ಎಡ್. ಅಂದರು. ನಾನು ಸಮಾಜಕಾರ್ಯ ಓದುತ್ತೇನೆ, ಕಾಲೇಜು ಮಕ್ಕಳ ಆರೋಗ್ಯದ ಕೆಲಸವನ್ನೇ ಹಿಡಿಯುತ್ತೇನೆ ಅಂದೆ. "ನೀರ ಕುಡೀರಿ ಅಂತ ಹೇಳಾಕ ಪಗಾರ ಕೊಡ್ತಾರೇನ ಬೇ?" ಅಂತ ಸೋದರತ್ತೆ ನಕ್ಕಳು. ಅದನ್ನೇ ಹೋಗಿ ಮೇಡಂಗೆ ಕೇಳಿದೆ.

"ಕೊಡ್ತಾರ. ಕಡಿಮಿ ಕೊಡ್ತಾರ. ಹೋಗು."

ಈಗ ಒಂದು ಕಾಲೇಜಿನ ವಿದ್ಯಾರ್ಥಿ ಆರೋಗ್ಯ ಕೇಂದ್ರ ನೋಡಿಕೊಳ್ಳುತ್ತೇನೆ. ಪಗಾರದ ವಿಷಯದಲ್ಲಿ ಮೇಡಂ ಹೇಳಿದ್ದು ಖರೆ. ರಿಟೈರ್ ಆಗಿ ಅವರು ಕುಂದಗೋಳಕ್ಕೆ, ತಂಗಿಯ ಮನೆಗೆ ಹೋಗಿದ್ದರು. ಬಗೆಹರಿಯದ್ದು ಏನಾದರೂ ಬಂದರೆ ಆಗಲೂ ಅವರಿಗೇ ಫೋನು ಹಚ್ಚುತ್ತಿದ್ದೆ. ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಮಾಡಿ ವಾರ ಕಳೆದಿತ್ತು. ಅಂದು ರಜೆ ಹಾಕಲಿಲ್ಲ, ಕೆಲಸ ಮುಗಿಸಿದೆ. ಸಂಜೆ ಬಸ್ಸಿನಲ್ಲಿ ಕುಂತಾಗ ದುಃಖ ತಡೆಯಲಾಗಲಿಲ್ಲ.

ಮೊನ್ನೆ ಅಪ್ಪ ಬಣ್ಣ ಹಚ್ಚುತ್ತಿದ್ದದ್ದು ನಮ್ಮ ಕೇಂದ್ರದ ಸಂಡಾಸದ ಚಾವಿಗೆ ಕಟ್ಟುವ ಗಿಣಿಗೆ. ನಿನ್ನೆ ತಂದು ಬಾಗಿಲ ಬಾಜು ತೂಗು ಹಾಕಿದೆ. ಮಧ್ಯಾಹ್ನ ಮೊದಲ ವರ್ಷದ ಒಬ್ಬ ಹುಡುಗಿ ಗಿಣಿಯನ್ನೇ ನೋಡುತ್ತ ನಿಂತಿದ್ದಳು.

"ಮೇಡಂ, ಚಾವಿ ತಗೋಳಾಕ ಯಾರನ್ನ ಕೇಳ್ಬೇಕ್ರಿ?"

"ಯಾರನ್ನೂ ಕೇಳಬ್ಯಾಡವಾ, ತಗೋ."

ಅವಳು ತಗೊಂಡು ಹೋದಳು. ನಾನು ಅಲ್ಲೇ ನಿಂತೆ. ನನಗೂ ಈಗ ಫೋನು ಹಚ್ಚಿ ಕೇಳಲು ಯಾರೂ ಇಲ್ಲ.