ಕೋಲೆತ್ತಿದಾಗ ಬರುವ ಕೆಮ್ಮು

ನಮ್ಮ ಮೇಲಿನ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಉಸಿರು ಮೇಷ್ಟ್ರು ಎನ್ನುತ್ತಾರೆ. ಅವರು ಪಾಠ ಹೇಳಿದವರಲ್ಲ, ಕೊಳಲು ಊದಿದವರೂ ಅಲ್ಲ. ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತಮೂರು ವರ್ಷ ನಿಂತು, ಬಂದವರಿಗೆಲ್ಲ "ಗದ್ದ ಮೇಲೆತ್ತಿ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ... ಹ್ಞಾಂ, ಬಿಡಿ" ಎಂದವರು. ಅವರ ಮಾತಿಗೆ ಒಮ್ಮೆಯಾದರೂ ಉಸಿರು ಹಿಡಿಯದವರು ಈ ಊರಿನಲ್ಲಿ ಕಡಿಮೆ. ನಾನೂ ಹಿಡಿದಿದ್ದೇನೆ. ಕಾನ್ವೆಂಟಿನ ಸಿಸ್ಟರ್‌ಗಳ ಬೆತ್ತದ ಮುಂದೆ ಕೂಡ ಅಷ್ಟು ಅಲ್ಲಾಡದೆ ನಿಂತವನಲ್ಲ ನಾನು.

ನಿವೃತ್ತರಾದ ಮರುವರ್ಷ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಗಾಲ್ಫ್ ಆಡಲು ಹೊರಟಾಗ ಬೀದಿಗೆ ಬೀದಿಯೇ ನಕ್ಕಿತು. ಗಾಲ್ಫ್ ಎಂದೊಡನೆ ಸಿರಿವಂತರ ಹುಲ್ಲುಹಾಸು ನೆನೆಯಬೇಡಿ. ಇದು ನೀರಿನ ಟ್ಯಾಂಕಿನ ಹಿಂದೆ ನಗರಸಭೆ ಬಿಟ್ಟುಕೊಟ್ಟ ಮೈದಾನ. ಒಂಬತ್ತೇ ಗುಂಡಿ, ಎರಡು ಸುತ್ತು ಹಾಕಿ ಹದಿನೆಂಟು ಎಂದುಕೊಳ್ಳಬೇಕು. ಆಟ ಇಷ್ಟೇ: ಚೆಂಡನ್ನು ಕೋಲಿನಿಂದ ಹೊಡೆದು ಹೊಡೆದು ಗುಂಡಿಗೆ ಕೆಡವುವುದು, ಆದಷ್ಟು ಕಡಿಮೆ ಏಟಿನಲ್ಲಿ. ಹದಿನೆಂಟು ಮುಗಿಯುವಾಗ ಏಟುಗಳ ಲೆಕ್ಕ ನೂರರ ಒಳಗಿದ್ದರೆ ನಮ್ಮಂಥ ಹವ್ಯಾಸಿಗಳ ಪಾಲಿಗೆ ಅದೇ ಮೋಕ್ಷ. ನಾನು ಆರೇಳು ವರ್ಷದಿಂದ ಅಲ್ಲಿ ಮಣ್ಣು ಕೆದಕುತ್ತಿದ್ದವನಾದ್ದರಿಂದ ಜೊತೆಗಾರನಾದೆ. ಮೊದಲ ದಿನವೇ, "ಮೇಷ್ಟ್ರೇ, ಚೆಂಡು ಗುಂಡಿಗೆ ಬೀಳ್ಬೇಕಾದ್ರೆ ಗುಂಡಿಗೆ ಬೇಕು" ಎಂದೆ. ಅವರು ನಗಲಿಲ್ಲ. ಅವರ ಗುಂಡಿಗೆಯಲ್ಲಿ ಏನಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಕೋಲುಗಳಿದ್ದ ಆ ಚೀಲ ಅವರ ಭಾವನದು, ಅಕ್ಕನ ಗಂಡನದು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಇಪ್ಪತ್ತು ವರ್ಷ ಭಾನುವಾರ ತಪ್ಪಿಸದೆ ಇದೇ ಮೈದಾನದಲ್ಲಿ ಆಡಿ, ಒಮ್ಮೆಯೂ ನೂರರ ಒಳಗೆ ಬಾರದೆ ತೀರಿಕೊಂಡವರು. ಅವರು ಹೋದ ಮೇಲೆ ಅಕ್ಕ ಚೀಲವನ್ನು ತಂದು, "ತಗೋ ಪುಟ್ಟಾ, ನೀನಾದ್ರೂ ನೂರರ ಒಳಗೆ ಆಡು. ಅವರಿಗೊಂದು ಆಸೆ ಇತ್ತು" ಎಂದರಂತೆ. ಅಕ್ಕಂದಿರಿಗೆ ಅರವತ್ತು ಮುಟ್ಟಿದ ತಮ್ಮನೂ ಪುಟ್ಟನೇ. ಕರಿಯ ಕ್ಯಾನ್ವಾಸಿನ ಚೀಲ. ಬಾಯಿ ತೆರೆದರೆ ಇನ್ನೂ ಗ್ರೀಸಿನ ವಾಸನೆ. ಪಕ್ಕದ ಕೊಕ್ಕೆಗೆ ಒಂದು ಸಣ್ಣ ಬಿಳಿ ಟವೆಲ್ ತೂಗುತ್ತಿತ್ತು. ಅದನ್ನು ಮೇಷ್ಟ್ರು ಕೈ ಒರೆಸಲು ಒಮ್ಮೆಯೂ ಬಳಸಲಿಲ್ಲ.

ಮೊದಲ ಭಾನುವಾರ ಮೇಷ್ಟ್ರದು ನೂರ ನಲವತ್ತೆರಡು ಏಟು. ಅದರಲ್ಲಿ ಅರ್ಧ ಗಾಳಿಗೆ, ಕಾಲು ಭಾಗ ಭೂಮಿತಾಯಿಗೆ. ಆದರೆ ಮನುಷ್ಯ ಬಿಡುವ ಜಾತಿಯಲ್ಲ. ಎಕ್ಸ್‌ರೇ ಕೋಣೆಯಲ್ಲಿ ರೋಗಿ ಎಲ್ಲಿ ಪಾದ ಇಡಬೇಕು ಎಂದು ನೆಲದ ಮೇಲೆ ಬಣ್ಣದಲ್ಲಿ ಹೆಜ್ಜೆ ಬರೆದಿರುತ್ತಾರಲ್ಲ, ಹಾಗೆಯೇ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದರು. ಎಡ ಮೊಣಕೈ ಎಲ್ಲಿ, ಭುಜ ಎಷ್ಟು ಓರೆ, ಎಲ್ಲಕ್ಕೂ ಗೋಡೆಯ ಮೇಲೆ ಗೆರೆ. ದಿನಾ ಸಂಜೆ ಇನ್ನೂರು ಸಲ ಬರಿಗೈಯಲ್ಲಿ ಬೀಸುವುದು. ಕೆಳಗೆ ಕೂತ ನನ್ನ ಕಾಫಿಯಲ್ಲಿ ಅಲೆ ಏಳುತ್ತಿತ್ತು. ಒಂದು ವರ್ಷಕ್ಕೆ ನೂರ ಇಪ್ಪತ್ತು. ಎರಡು ವರ್ಷಕ್ಕೆ ನೂರ ಎಂಟು. ನಾನು ಮಾತ್ರ ಹೊರಟಲ್ಲೇ ಇದ್ದೆ. ತುಂಬಿದ ಕೊಡ ತುಳುಕುವುದಿಲ್ಲ. ಒಡೆದ ಕೊಡವೂ ತುಳುಕುವುದಿಲ್ಲ.

ಗಾಲ್ಫಿನಲ್ಲಿ ಒಂದು ಕಟ್ಟಳೆ ಇದೆ. ಒಬ್ಬ ಕೋಲೆತ್ತಿದಾಗ ಉಳಿದವರು ಅಲ್ಲಾಡಬಾರದು, ಪಿಟಕ್ಕೆನ್ನಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು.

ಎರಡನೆಯ ವರ್ಷ ಒಂದು ಬೆಳಗ್ಗೆ ಮೇಷ್ಟ್ರು ಹೊಡೆತ ತಪ್ಪಿಸಿ ತಿರುಗಿ ನೋಡಿದರು. "ನೀವು ಕೆಮ್ಮಿದ್ರಾ?"

"ಇಲ್ವಲ್ಲ."

ಮುಂದಿನ ವಾರ ಮತ್ತೆ ಅದೇ. ನಾನು ಹತ್ತು ಹೆಜ್ಜೆ ಹಿಂದೆ ನಿಂತೆ. ಅದರ ಮುಂದಿನ ವಾರ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಿಂತೆ. ಆದರೂ ಕೋಲು ಮೇಲಕ್ಕೆ ಹೋಗಿ ಇಳಿಯುವ ಮುನ್ನ, ಅವರ ಮುಖ ಒಮ್ಮೆ ಬಿಳುಚಿಕೊಂಡು ಹೊಡೆತ ಹಳ್ಳಕ್ಕೆ ಹೋಯಿತು.

"ಎರಡು ಸಲ ರೀ. ಒಣ ಕೆಮ್ಮು. ಮೊದಲನೇದು ಜೋರು. ಎರಡನೇದು ಮೆತ್ತಗೆ, ತೊಂದ್ರೆ ಕೊಟ್ಟೆ ಅಂತ ಕ್ಷಮೆ ಕೇಳಿದ ಹಾಗೆ."

ನಾನು ಚೀಲದ ಜಿಪ್ ಎಳೆದು ನೋಡಿದೆ, ಅದನ್ನು ನಿಲ್ಲಿಸುವ ಕಂಬಿಕಾಲಿನ ಸ್ಪ್ರಿಂಗ್ ಒತ್ತಿ ನೋಡಿದೆ, ಟವೆಲ್ ಗಾಳಿಗೆ ಬಡಿಯುತ್ತದೆಯೇ ಎಂದು ನೋಡಿದೆ. ಯಾವುದೂ ಕೆಮ್ಮಲಿಲ್ಲ. ಅಷ್ಟಾದರೂ ಅವರ ಆಟ ಸುಧಾರಿಸುತ್ತಲೇ ಹೋಯಿತು, ಅದೇ ವಿಚಿತ್ರ. ಹದಿನೇಳು ಗುಂಡಿಗಳ ತನಕ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಕೆಮ್ಮು ಹದಿನೆಂಟನೆಯದರಲ್ಲಿ ತಪ್ಪದೆ ಬರುತ್ತಿತ್ತು. ಮೂರನೆಯ ವರ್ಷ ನೂರ ಮೂರು, ನೂರ ಒಂದು, ಮತ್ತೆ ನೂರ ಒಂದು.

ಆ ಎರಡನೆಯ ನೂರ ಒಂದರ ದಿನ ಸಿಮೆಂಟ್ ಬೆಂಚಿನ ಮೇಲೆ ಕೂತು, ಬೂಟಿನ ದಾರ ಬಿಚ್ಚುತ್ತ ಹೇಳಿದರು: "ಭಾವನ ಫಿಲ್ಮ್ ತೆಗೆದದ್ದು ನಾನೇ."

ಎಕ್ಸ್‌ರೇ ತೆಗೆಯುವವನು ಫಿಲ್ಮಿನಲ್ಲಿ ಕಂಡದ್ದನ್ನು ರೋಗಿಗೆ ಹೇಳಬಾರದು. ತೆಗೆಯುವುದು ಅವನ ಕೆಲಸ, ಓದುವುದು ಡಾಕ್ಟರ ಕೆಲಸ. ಮೂವತ್ತಮೂರು ವರ್ಷ ಯಾರು ಕೇಳಿದರೂ ಮೇಷ್ಟ್ರ ಉತ್ತರ ಒಂದೇ: "ಅದನ್ನ ಡಾಕ್ಟರ್ ಹೇಳ್ತಾರೆ." ಒಂದು ಶುಕ್ರವಾರ ಭಾವ ಒಣ ಕೆಮ್ಮು ಎಂದು ಬಂದರು. ಉಸಿರು ಹಿಡಿದರು, ಬಿಟ್ಟರು. ಫಿಲ್ಮ್ ಬೆಳಕಿಗೆ ಹಿಡಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ನೆರಳು.

"ಅಂಗಿ ಗುಂಡಿ ಹಾಕ್ಕೊಳ್ತಾ ಕೇಳಿದ್ರು ರೀ. 'ಏನಾದ್ರೂ ಇದೆಯೇನೋ ಪುಟ್ಟಾ? ನಾಡಿದ್ದು ಪಂದ್ಯ ಇದೆ' ಅಂತ. ನಾನು, 'ಏನಿಲ್ಲ ಭಾವ, ಹೋಗಿ ಆಡಿ' ಅಂದ್ಬಿಟ್ಟೆ. ಒಂದು ಭಾನುವಾರದ ಮಟ್ಟಿಗೆ ಅಷ್ಟೇ. ಸೋಮವಾರ ರಿಪೋರ್ಟ್ ಬರತ್ತೆ, ಡಾಕ್ಟರ್ ಹೇಳ್ತಾರೆ ಅಂತ."

"ಆಮೇಲೆ?"

"ಸೋಮವಾರ ಅವರು ಬರ್ಲೇ ಇಲ್ಲ. ಮನೆಯವನೇ ಏನಿಲ್ಲ ಅಂದ್ಮೇಲೆ ಸಾಲಲ್ಲಿ ಯಾಕೆ ನಿಲ್ಲೋದು ಅಂತ. ಯಾರೂ ತಗೊಂಡು ಹೋಗದ ರಿಪೋರ್ಟುಗಳಿಗೆ ಅಂತ ವರಾಂಡದಲ್ಲಿ ಒಂದು ಕಪಾಟಿದೆ. ಅಲ್ಲಿತ್ತು. ಹನ್ನೊಂದು ವಾರ, ಅವರು ಆಸ್ಪತ್ರೆಗೆ ಸೇರೋ ತನಕ. ಡ್ಯೂಟಿಗೆ ಹೋಗ್ತಾ ಬರ್ತಾ ನೋಡ್ತಿದ್ದೆ. ಕವರಿನ ಮೂಲೆ ಮಡಚಿಕೊಂಡಿತ್ತು."

"ಅಲ್ಲಾ ಮೇಷ್ಟ್ರೇ, ಮನೆಗೆ ಹೋಗಿ ಹೇಳ್ಬಾರ್ದಿತ್ತಾ?"

"ಹೋದೆ. ಪಂದ್ಯದಲ್ಲಿ ಸಮಾಧಾನಕರ ಬಹುಮಾನ ಬಂದಿತ್ತು ಅವರಿಗೆ. ಆ ಟವೆಲ್. ಮಕ್ಕಳ ಹಾಗೆ ತೋರಿಸಿದ್ರು. ಆವತ್ತು ಬಾಯಿ ಬರ್ಲಿಲ್ಲ. ಮಾರನೇ ದಿನ ಹೇಳಿದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ ಅಂತಾರೆ. ಒಂದು ವಾರ ಬಿಟ್ಟು ಹೇಳಿದ್ರೆ ಒಂದು ವಾರದ್ದು ಕೇಳ್ತಾರೆ. ಹಾಗೇ ಬೆಳೀತು."

"ಮೊದಲೇ ಹೇಳಿದ್ರೆ ಉಳೀತಿದ್ರಾ?"

ಮೇಷ್ಟ್ರು ಬೂಟಿನೊಳಗಿನ ಮರಳನ್ನು ನೆಲಕ್ಕೆ ಸುರಿದರು. "ಅದನ್ನ ಡಾಕ್ಟರ್ ಹೇಳ್ತಾರೆ" ಎಂದರು.

ಅಕ್ಕನಿಗೆ ಇದಾವುದೂ ಗೊತ್ತಿಲ್ಲ. ಪ್ರತಿ ಭಾನುವಾರ ಸಂಜೆ ತಮ್ಮ ತಂದ ಏಟಿನ ಕಾರ್ಡನ್ನು ನೋಡಿ, ಗೋಡೆಯ ಮೇಲಿನ ಗಂಡನ ಫೋಟೋಗೆ ಬೈಯುತ್ತಾರೆ: "ನೋಡಿ, ಇವನಾದ್ರೂ ಹೇಳಿದ ಮಾತು ಕೇಳ್ತಾನೆ. ನೀವು ಒಂದು ರಿಪೋರ್ಟ್ ತರೋಕೆ ಸೋಮಾರಿತನ ಮಾಡಿ ಹೋಗ್ಬಿಟ್ರಿ." ಸತ್ತವರು ಎದುರು ಮಾತಾಡುವುದಿಲ್ಲ. ಬದುಕಿದವನು ಎದುರಿಗೇ ಕೂತು ಕಾಫಿ ಕುಡಿಯುತ್ತಾನೆ.

"ಅದಕ್ಕೇ ಒಂದು ಪಣ ತೊಟ್ಟಿದೀನಿ. ನೂರರ ಒಳಗೆ ಬಂದ ದಿನ ಕಾರ್ಡ್ ಅಕ್ಕನ ಕೈಗೆ ಕೊಟ್ಟು ಎಲ್ಲಾ ಹೇಳ್ಬಿಡ್ತೀನಿ."

ಎಲುಬಿಲ್ಲದ ನಾಲಿಗೆ ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ ಎಂಬ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ಜೀವನದಲ್ಲಿ ನಾನು ನುಂಗಿಕೊಂಡ ಕೆಲವೇ ಹಾಸ್ಯಗಳಲ್ಲಿ ಅದೊಂದು. ಆವತ್ತಿನಿಂದ ನನಗೆ ಇನ್ನೊಂದು ಅನುಮಾನ ಹತ್ತಿಕೊಂಡಿತು. ಹದಿನೆಂಟನೆಯ ಗುಂಡಿಯ ಆ ಕೆಮ್ಮು ಇವರ ಆಟ ಕೆಡಿಸುತ್ತಿದೆಯೋ, ಇವರನ್ನು ಅಕ್ಕನಿಂದ ಕಾಪಾಡುತ್ತಿದೆಯೋ?

ನಾಲ್ಕನೆಯ ವರ್ಷದ ಒಂದು ಭಾನುವಾರ, ಗಾಳಿ ಇಲ್ಲದ ಬೆಳಗ್ಗೆ, ಹದಿನೇಳು ಗುಂಡಿ ಮುಗಿಸಿದಾಗ ತೊಂಬತ್ತನಾಲ್ಕು. ಇನ್ನು ಐದೇ ಏಟಿನಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು. ಮೇಷ್ಟ್ರು ಕೋಲೆತ್ತಿದರು. ಮೇಲೆ ಹೋದದ್ದು ಅಲ್ಲೇ ನಿಂತಿತು. ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನೂ ಕಾದೆ. ಮೈದಾನವಿಡೀ ಸದ್ದಿಲ್ಲ. ಕೆಮ್ಮು ಬರಲಿಲ್ಲ. ಕೋಲು ಇಳಿಯಿತು, ಚೆಂಡು ನೇರ ಹೋಯಿತು. ಎರಡನೆಯದು, ಮೂರನೆಯದು, ಒಂದೊಂದಕ್ಕೂ ಅದೇ ಕಾಯುವಿಕೆ, ಅದೇ ನಿಶ್ಶಬ್ದ. ಐದನೆಯ ಏಟಿಗೆ ಚೆಂಡು ಗುಂಡಿಯ ಅಂಚಿನಲ್ಲಿ ಒಂದು ಸುತ್ತು ತಿರುಗಿ ಒಳಗೆ ಬಿತ್ತು.

"ತೊಂಬತ್ತೊಂಬತ್ತು!" ಎಂದು ಕೂಗಿದೆ.

ಮೇಷ್ಟ್ರು ಚೆಂಡನ್ನು ಎತ್ತಿಕೊಳ್ಳಲಿಲ್ಲ. "ನೂರು ಅಂತ ಬರೀರಿ" ಎಂದರು. "ಹದಿನಾಲ್ಕನೇದ್ರಲ್ಲಿ, ಮರದ ಬೇರಿನ ಹತ್ತಿರ, ಹೊಡೆಯೋ ಮುಂಚೆ ಕೋಲು ತಾಗಿ ಚೆಂಡು ಕದಲಿತ್ತು. ದಂಡ ಒಂದು ಏಟು."

"ನಾನು ನೋಡ್ಲಿಲ್ಲ."

"ನಾನು ನೋಡಿದೆ."

ಈ ಆಟದಲ್ಲಿ ಅಂಪೈರ್ ಇಲ್ಲ. ತಪ್ಪು ಮಾಡಿದವನೇ ಹೇಳಿಕೊಳ್ಳಬೇಕು. ಅದು ಆಟದ ಮರ್ಯಾದೆ, ಒಪ್ಪಿದೆ. ಆದರೆ ನನಗೆ ರೇಗಿತು. "ಭೇಷ್ ಮೇಷ್ಟ್ರೇ. ಒಂದು ಏಟು ಜಾಸ್ತಿ ಬಿದ್ರೂ ಅಕ್ಕನ ಹತ್ರ ಇನ್ನೊಂದು ವಾರ ರಜಾ ಸಿಕ್ತು. ಕೋಲೂ ಮುರೀಲಿಲ್ಲ, ಹಾವೂ ಸಾಯ್ಲಿಲ್ಲ."

ಅವರ ಮುಖ ಫಿಲ್ಮಿನಂತೆ ಕಪ್ಪಾಯಿತು. ಬಗ್ಗಿ ಗುಂಡಿಯಿಂದ ಚೆಂಡು ಎತ್ತಿಕೊಂಡರು.

"ಆ ಕವರ್ ನೋಡಿದ್ದೂ ನಾನೊಬ್ನೇ" ಎಂದರು. ಚೀಲ ಎತ್ತಿಕೊಂಡರು. "ನೀವೂ ಬನ್ನಿ. ಒಬ್ನೇ ಹೋದ್ರೆ ಮತ್ತೆ ಏನಿಲ್ಲ ಅಂದ್ಬಿಡ್ತೀನಿ."

ಅಕ್ಕ ನಡುಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದರು. ಮೇಷ್ಟ್ರು ನಿಂತೇ ಹೇಳಿದರು. ಶುಕ್ರವಾರ, ನೆರಳು, ಟವೆಲ್, ಕಪಾಟು, ಒಂದನ್ನೂ ಬಿಡಲಿಲ್ಲ. ಕೆಮ್ಮಿನ ಸುದ್ದಿ ಮಾತ್ರ ಎತ್ತಲಿಲ್ಲ. ಅಕ್ಕನ ಕೈಯಲ್ಲಿದ್ದ ದಿಂಬಿನ ಗವಸು ಅರ್ಧ ಮಡಿಕೆಯಲ್ಲೇ ನಿಂತಿತು.

"ಹನ್ನೊಂದು ವಾರ?"

"ಹನ್ನೊಂದು."

"ಇಷ್ಟು ವರ್ಷ ನಾನು ಅವರನ್ನ ಬೈದೆ."

"ಅಕ್ಕಾ..."

"ಚೀಲ ಅಲ್ಲಿಡು. ಆ ಮೂಲೇಲಿ. ಇಟ್ಟು ಹೋಗು."

ಅದಾದ ಮೇಲೆ ಮೂರು ತಿಂಗಳು ಅಕ್ಕ ಬಾಗಿಲು ತೆರೆಯಲಿಲ್ಲ, ಫೋನ್ ಎತ್ತಲಿಲ್ಲ. ಮೇಷ್ಟ್ರು ಭಾನುವಾರ ಬಾಡಿಗೆ ಕೋಲುಗಳಲ್ಲಿ ಆಡಿದರು. ಕೆಮ್ಮು ಒಮ್ಮೆಯೂ ಬರಲಿಲ್ಲ. ಆಟ ಮಾತ್ರ ನೂರ ಹದಿನೇಳಕ್ಕೆ ಇಳಿಯಿತು, ಅಂದರೆ ಏರಿತು. ಕೋಲೆತ್ತಿ, ಕಿವಿ ಓರೆ ಮಾಡಿ, ನಿಂತೇ ಬಿಡುತ್ತಿದ್ದರು. ಹಿಂದಿನ ಗುಂಪಿನವರು, "ಮೇಷ್ಟ್ರೇ, ಇದು ಎಕ್ಸ್‌ರೇ ಅಲ್ಲ, ಹೊಡೀರಿ!" ಎಂದು ಕೂಗುತ್ತಿದ್ದರು. ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮೇಷ್ಟ್ರಿಗೆ ಕೇಳಿಸುತ್ತಲೇ ಇರಲಿಲ್ಲ.

ಕಳೆದ ಬುಧವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದು ನನಗೆ. "ಅವನನ್ನ ಕರ್ಕೊಂಡು ಬನ್ನಿ" ಎಂದು ಇಟ್ಟುಬಿಟ್ಟರು.

ಹೋದೆವು. ಚೀಲ ಇಟ್ಟಲ್ಲೇ ಇತ್ತು, ಟವೆಲ್ ತೂಗುತ್ತಿತ್ತು. ಅಕ್ಕ ತಮ್ಮನ ಮುಖ ನೋಡದೆ ಕುರ್ಚಿ ತೋರಿಸಿದರು.

"ಊಟ ಆದ್ಮೇಲೆ ಬಟ್ಟೆ ಮಡಚೋಕೆ ಕೂತ್ರೆ, ಆ ಮೂಲೆಯಿಂದ. ಎರಡು ಸಲ."

"ಮೊದಲನೇದು ಜೋರು" ಎಂದರು ಮೇಷ್ಟ್ರು.

"ಎರಡನೇದು ಮೆತ್ತಗೆ." ಅಕ್ಕ ಆಗ ತಲೆ ಎತ್ತಿದರು. ಮೂರು ತಿಂಗಳಲ್ಲಿ ಮೊದಲ ಸಲ ತಮ್ಮನನ್ನು ನೋಡಿದರು. "ನಿಂಗೆ ಹೇಗೆ ಗೊತ್ತು?"

"ಮೂರು ವರ್ಷ ಕೇಳಿದೀನಿ."

ಅಕ್ಕ ಗಡಿಯಾರ ನೋಡಿ, "ಇದೇ ಹೊತ್ತು" ಎಂದರು. ಪಕ್ಕದ ರಾಶಿಯಿಂದ ಒಂದು ಹೊದಿಕೆ ಎಳೆದು ಅದರ ಎರಡು ತುದಿಯನ್ನು ತಮ್ಮನ ಕೈಗೆ ಕೊಟ್ಟರು. ಮೇಷ್ಟ್ರು ಹಿಡಿದುಕೊಂಡರು. ಹೊದಿಕೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತು, ಮಡಚಲಿಲ್ಲ ಯಾರೂ. ಇಬ್ಬರ ಕಣ್ಣೂ ಆ ಮೂಲೆಯ ಮೇಲೆ. ಬಾಗಿಲಲ್ಲಿ ನಿಂತಿದ್ದ ನಾನೂ ಉಸಿರು ಹಿಡಿದಿದ್ದೇನೆ ಎಂಬುದು ಎದೆ ನೋಯತೊಡಗಿದಾಗಲೇ ನನಗೆ ತಿಳಿದದ್ದು. "ಬಿಡಿ" ಎಂದು ಹೇಳಬೇಕಾದವರು ತಾವೇ ಉಸಿರು ಬಿಗಿಹಿಡಿದು ಕೂತಿದ್ದರು.