ಸಮಾನ ಹಕ್ಕಿನ ಛತ್ರಿ

ಅಟ್ಟದಿಂದ ಇಳಿಸಿದ ಛತ್ರಿಗೆ ಇನ್ನೂ ನುಸಿಗುಳಿಗೆಯ ವಾಸನೆ. ಸುತ್ತಲಿನ ಝಾಲರು ನನ್ನ ಹೆಂಡತಿಯ ರೇಷ್ಮೆ ಸೀರೆಯ ಅಂಚು. ಮುಂಬಯಿಯ ಸಯನ್‌ನ ನಮ್ಮ ಕನ್ನಡ ಸಂಘದವರು ಹಳೆಯ ನಾಟಕಗಳ ಸಾಮಾನಿನ ಪ್ರದರ್ಶನಕ್ಕೆ ಕೇಳಿದ್ದಾರೆ. ಛತ್ರಿಯನ್ನು ಮಾತ್ರ, ನನ್ನನ್ನಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಾರ್ಯದರ್ಶಿಗಳು ಲೈಬ್ರರಿಯ ಯಾವುದೋ ಪುಸ್ತಕ ಓದಿ ನಾಟಕ ಬರೆದರು. ಫ್ರೆಂಚರ ವಸಾಹತಾಗಿದ್ದ ಒಂದು ಕಬ್ಬಿನ ದ್ವೀಪ. ಅಲ್ಲಿ ಬಿಳಿಯ ಅಪ್ಪ, ಕರಿಯ ತಾಯಿಗೆ ಹುಟ್ಟಿದ ಸ್ವತಂತ್ರರು. ಅವರಿಗೆ ತೋಟ ಉಂಟು, ದುಡ್ಡುಂಟು. ಬಿಳಿಯರ ಸಮಕ್ಕೆ ಕೂರುವಂತಿಲ್ಲ, ಮತ ಹಾಕುವಂತಿಲ್ಲ. ಅವರು ಸಮಾನ ಹಕ್ಕು ಕೇಳುವುದೇ ಕತೆ. ಅವರ ತೋಟದಲ್ಲೂ ಗುಲಾಮರಿದ್ದರೆಂಬುದು ಸಣ್ಣ ವಿಷಯ. ನಾಯಕನಿಗೆ ಛತ್ರಿ ಹಿಡಿಯಲು ಒಬ್ಬನನ್ನು ನಿಲ್ಲಿಸಿದರೆ ಮುಗಿಯಿತು. ಈ ಊರಲ್ಲಿ ನಮಗೆ ಮರ್ಯಾದೆ ಇಲ್ಲವೆಂದು ಪ್ರತಿ ಸಭೆಯಲ್ಲೂ ಗೋಳಾಡುತ್ತಿದ್ದ ನಮಗೆ ಕತೆ ಬಹಳ ಹಿಡಿಸಿತು.

ನಾಯಕ ನಾನು. ಎಸ್ಸೆಸ್ಸೆಲ್ಸಿ ಗುಮಾಸ್ತನಿಗೆ ಗುಡುಗುವ ಅವಕಾಶ ಬೇರೆಲ್ಲಿ ಸಿಗಬೇಕು, ಹೇಳಿ? ಗುಲಾಮ ಯಲ್ಲಪ್ಪ, ಸಂಘದ ಹಾಲ್‌ನ ನೆಲಕ್ಕೆ ಫರಸಿಕಲ್ಲು ಹಾಕಿದ ಬಾಗಲಕೋಟೆ ಕಡೆಯ ಗಾರೆಯವನು. ಬಣ್ಣದ ಖರ್ಚು ಉಳಿಯುತ್ತದೆಂದು ಕಾರ್ಯದರ್ಶಿಗಳೇ ಆರಿಸಿದ್ದರು.

“ಸಾಹೇಬ್ರ, ಈ ನಾಯಕ ಹಕ್ಕು ಬೇಕು ಅಂತ ಇಷ್ಟ ಒದರತಾನ, ತನ್ನ ಛತ್ರಿ ತಾ ಹಿಡ್ಕೊಳ್ಳಾಕ ಬರೂದಿಲ್ಲೇನ್ರಿ?” ಎಂದು ತಾಲೀಮಿನಲ್ಲಿ ನನ್ನನ್ನು ಕೇಳಿದ.

“ನಿನ್ನ ಪಾತ್ರಕ್ಕೆ ಮಾತಿಲ್ಲ ಕಣಯ್ಯ, ಸುಮ್ನೆ ಹಿಡ್ಕೋ.”

“ಹಿಡೀತೀನ್ರಿ. ನೀವು ನನ್ನ ಮೆಂಬರ್ ಮಾಡ್ಸ್ರಿ. ಮಗಳ ಲಗ್ನ ನಾ ಫರಸಿ ಹಾಕಿದ ಹಾಲ್‌ನಾಗ ಆಗ್ಬೇಕು.”

ಹಾಲ್ ಸದಸ್ಯರಿಗಷ್ಟೇ ಸಿಗುತ್ತಿತ್ತು. ನಾನು ಸಮಿತಿಯಲ್ಲಿದ್ದೆ. “ನಾನಿದ್ದೀನಲ್ಲ” ಎಂದುಬಿಟ್ಟೆ.

ನಾಟಕದ ಹಿಂದಿನ ದಿನ ಸಮಿತಿ ಸೇರಿತು. “ಇವತ್ತು ಒಬ್ಬ ಯಲ್ಲಪ್ಪ, ನಾಳೆ ಅವನ ದಹಿಸರ್ ಚಾಳೇ ಬಂದು ಕೂರುತ್ತೆ. ಸಂಘದ ಎಲೆಕ್ಷನ್‌ನಲ್ಲಿ ನಮ್ಮ ಗತಿ? ಬೇಡ ಅನ್ನೋರು ಕೈ ಎತ್ತಿ” ಎಂದರು ಸಮಾನತೆಯ ನಾಟಕಕಾರರು. ಹಕ್ಕಿಗಾಗಿ ತಿಂಗಳಿಡೀ ಎತ್ತಿ ಪಳಗಿದ್ದ ನನ್ನ ಕೈ ಸಲೀಸಾಗಿ ಮೇಲೆ ಹೋಯಿತು. ಎತ್ತದೆ ನಾಯಕನ ಪಾತ್ರ ಹೋದರೆ? ನೀವು ನಗಬಹುದು, ಅಷ್ಟಕ್ಕೇ.

ಮರುದಿನ ಯಲ್ಲಪ್ಪ ಬಂದ. ಯಾರು ಕೈ ಎತ್ತಿದರೆಂಬುದು ಅವನ ಕಿವಿಗೂ ಬಿದ್ದಿರಬೇಕು. ರಂಗದ ಮೇಲೆ ಛತ್ರಿ ಹಿಡಿದ. “ತೆರಿಗೆ ಕೊಡುವ ನಮಗೆ ಮತವೇಕಿಲ್ಲ?” ಎಂದು ನಾನು ಗುಡುಗಿದೆ. ಅವನು ನನ್ನ ಮುಖವನ್ನೇ ನೋಡಿದ. ಛತ್ರಿ ಮಡಿಸಿ, ಪಕ್ಕದ ಗೋಡೆಗೆ ಒರಗಿಸಿ, ಹೊರಟುಹೋದ. ಜನ ನಾಟಕದ ಭಾಗವೆಂದು ಚಪ್ಪಾಳೆ ತಟ್ಟಿದರು. ನನಗೆ ಉತ್ತಮ ನಟ ಬಹುಮಾನ ಬಂತು. ಆ ದೃಶ್ಯದ ಕಲ್ಪನೆ ನನ್ನದೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಅವನ ಮಗಳ ಲಗ್ನ ಚಾಳಿನ ಗಲ್ಲಿಯಲ್ಲಿ ತಾಡಪತ್ರಿಯಡಿ ನಡೆಯಿತಂತೆ. ನನ್ನನ್ನು ಕರೆಯಲಿಲ್ಲ.

ಈಗ ಸಂಘದ ಹುಡುಗಿ ಛತ್ರಿ ಒಯ್ಯಲು ಬಂದಿದ್ದಾಳೆ. “ಅಂಕಲ್, ಛತ್ರಿ ಜೊತೆ ಇಡೋ ಕಾರ್ಡ್ ಮೇಲೆ ನಿಮ್ಮ ನೇಮ್ ಬರೀಲಾ?”

“ಯಲ್ಲಪ್ಪ ಹಿಡಿದ ಛತ್ರಿ ಅಂತ ಬರಿಯಮ್ಮ.”

“ವೋ ಕೌನ್? ಸಂಘದ ಮೆಂಬರಾ?”

“ಅಲ್ಲ. ಬೇಡ ಅಂತ ನಾನೇ ಕೈ ಎತ್ತಿದ್ದೆ. ಅದನ್ನೂ ಬರಿ.”

ಅವಳು ಪೆನ್ನು ಹಿಡಿದು ನನ್ನನ್ನೇ ನೋಡಿದಳು. “ಕಾರ್ಡ್ ಛೋಟಾ ಇದೆ, ಅಂಕಲ್.”

“ಹಾಗಾದ್ರೆ ನಾಟಕದ ಹೆಸರು ಬಿಡು, ಕೈ ಎತ್ತಿದ್ದು ಇರಲಿ” ಎಂದೆ.