ಕಲೋಲೈನೆ ಪಿನ್ನು ಹೊಡೆದ ಪುಟ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಕ್ಲೆಂಡಿನ ತೆಂಕಣ ಬದಿಯ ಮಾಂಗರೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಕೂತು ಕಲೋಲೈನೆ ಚಮಚದ ಬೆನ್ನಿನಿಂದ ಕಾಗದದ ಮಡಿಕೆ ತೀಡುತ್ತಿದ್ದಾಳೆ. ತೀಡಿ, ಬೆನ್ನಿಗೆ ಎರಡು ಪಿನ್ನು ಹೊಡೆದರೆ ಒಂದು ಪುಸ್ತಕ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಹಾಸುಹೊದಿಕೆ ಮಡಿಸುತ್ತಿರುವ ಕೈ ಅದು. ಅಂಚಿಗೆ ಅಂಚು ಕೂಡದೆ ಬಿಡುವುದಿಲ್ಲ. ಇವತ್ತು ಮಾತ್ರ ಎರಡು ಪಿನ್ನು ಸಾಲದೆಂದು ಪ್ರತಿ ಪುಸ್ತಕಕ್ಕೂ ಮೂರನೆಯದೊಂದು ಬೀಳುತ್ತಿದೆ. ಅದು ಬೆನ್ನಿಗಲ್ಲ. ಕೊನೆಯ ಎರಡು ಹಾಳೆಗಳ ಅಂಚು ಕೂಡಿಸಿ, ನಡುವಿನ ಚಿತ್ರ ಯಾರಿಗೂ ಕಾಣದ ಹಾಗೆ.

ಆ ಚಿತ್ರದಲ್ಲಿ ಬಸ್ಸಿನ ಚಾಲಕನೊಬ್ಬ ಒಬ್ಬ ಹೆಂಗಸಿಗೆ ಮುತ್ತು ಕೊಡುತ್ತಿದ್ದಾನೆ. ಅಷ್ಟೇ.

ಚಾಲಕ ಬೇರೆ ಯಾರೂ ಅಲ್ಲ, ಕಲೋಲೈನೆಯ ಗಂಡ ತಾನಿಯೆಲಾ. ಹೆಂಗಸು ಅವಳೇ. ಬದುಕಿದ್ದಾಗ ಕೊನೆಯ ಬಸ್ಸು ಓಡಿಸುತ್ತಿದ್ದ. ಕಾರ್ಖಾನೆಯ ಎದುರು ನಿಲ್ದಾಣವೇ ಇಲ್ಲ. ಆದರೂ ಇವಳ ಪಾಳಿ ಮುಗಿಯುವ ಹೊತ್ತಿಗೆ ಅಲ್ಲಿ ಬಸ್ಸು ಏನಾದರೊಂದು ಕೆಟ್ಟು ನಿಂತುಬಿಡುತ್ತಿತ್ತು. ಅವನು ಹೋದ ಮೇಲೆ ಕಲೋಲೈನೆ ಚಹದ ವಿರಾಮದಲ್ಲಿ ಬಟ್ಟೆಗಂಟಿನ ಚೀಟಿಗಳ ಹಿಂದೆ ಗೀಚತೊಡಗಿದಳು. ಗೀಚಿದ್ದು ಚೌಕ ಚೌಕವಾಗಿ ಕಥೆಯಾಯಿತು. ಗ್ರಂಥಾಲಯದ ಯಂತ್ರದಲ್ಲಿ ಅಚ್ಚು ತೆಗೆಸಿದಳು. ಇವತ್ತು ಮನುಕಾವಿನ ದೊಡ್ಡ ಸಭಾಂಗಣದಲ್ಲಿ ಚಿತ್ರಕಥೆಗಳ ಸಮಾವೇಶ. ತಾವೇ ಬರೆದು ತಾವೇ ಅಚ್ಚು ಹಾಕಿದವರಿಗೂ ಒಂದೊಂದು ಮೇಜು ಕೊಡುತ್ತಾರೆ. ಆಕೆಗೆ ಇದೇ ಮೊದಲು.

ಪುಸ್ತಕ ಖರ್ಚಾಗದೆ ಉಳಿದೀತೆಂಬ ಹೆದರಿಕೆ ಆಕೆಗಿಲ್ಲ. ಇರುವ ಹೆದರಿಕೆಯೆಲ್ಲ ತಮ್ಮ ಸೆಮಿಸಿಯದು.

ಇವರು ಟೊಂಗಾ ದ್ವೀಪಗಳ ಕಡೆಯವರು. ಅಲ್ಲಿಯವರ ಮನೆಯಲ್ಲಿ ಅಕ್ಕ ತಮ್ಮ ಒಟ್ಟಿಗೆ ಕೂತು ಇಂಥದ್ದನ್ನು ನೋಡುವುದಿಲ್ಲ, ಕೇಳುವುದಿಲ್ಲ. ಟೀವಿಯಲ್ಲಿ ನಾಯಕ ನಾಯಕಿಯ ಹತ್ತಿರ ಸರಿದನೆಂದರೆ ಸೆಮಿಸಿ ಎದ್ದು ಹಿತ್ತಲಿಗೆ ಹೋಗಿ ಕೆಸುವಿನ ಗಿಡಕ್ಕೆ ನೀರು ಬಿಡುತ್ತಾನೆ. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಈಗಲೂ ಹಾಗೆಯೇ. ಹೊರಗೆ ಮಳೆ ಸುರಿಯುತ್ತಿದ್ದರೂ. ಇವರದೇ ಚಿಕ್ಕಪ್ಪನ ಮಗಳೊಬ್ಬಳು ಮದುವೆಯ ಮನೆಯಲ್ಲಿ ಅಣ್ಣನಿದ್ದಾನೆಂಬುದನ್ನು ಮರೆತು ಪೋಲಿ ಹಾಡು ಹೇಳಿದಳು. ಅಣ್ಣ ಎದ್ದು ಹೋದವನು ಮತ್ತೆ ಅವಳೊಡನೆ ಮಾತಾಡಲಿಲ್ಲ. ಇಬ್ಬರೂ ಚರ್ಚಿಗೆ ಬೇರೆ ಬೇರೆ ಬಾಗಿಲಿನಿಂದ ಬರುತ್ತಾರೆ. ಕಲೋಲೈನೆಗೆ ಈ ಊರಿನಲ್ಲಿ ಒಡಹುಟ್ಟಿದವನೆಂದು ಉಳಿದಿರುವವನು ಸೆಮಿಸಿ ಒಬ್ಬನೇ.

ಅವನಿಗೆ ಆಕೆ ಮಕ್ಕಳ ಚಿತ್ರಪುಸ್ತಕ ಎಂದಷ್ಟೇ ಹೇಳಿದ್ದಳು. ಕಳೆದ ಭಾನುವಾರ, ಚರ್ಚಿನ ನಂತರ ಊಟಕ್ಕೆ ಕೂತಾಗ ಅವನು ಒಂದು ಸಿಹಿಸುದ್ದಿ ಕೊಟ್ಟ. ಅವನು ಕಾವಲುಗಾರ, ಈ ಸಲದ ಪಾಳಿ ಅದೇ ಸಭಾಂಗಣದಲ್ಲಿ. ಚರ್ಚಿನ ಹೆಂಗಸರಿಗೂ ಬರಹೇಳಿದ್ದಾನಂತೆ. "ನಾನೇ ಇರ್ತೀನಲ್ಲ ಅಕ್ಕ, ಯಾಕೆ ಹೆದರ್ತೀಯ?" ಎಂದ. ಆಕೆ ತಲೆ ಎತ್ತದೆ ಅವನ ತಟ್ಟೆಗೆ ಇನ್ನೊಂದು ಕೆಸುವಿನ ತುಂಡು ಹಾಕಿದಳು.

ಸಭಾಂಗಣದಲ್ಲಿ ಪಕ್ಕದ ಮೇಜಿನವಳು ಮೆರಿಯಾನಾ, ಇಂಥ ಸಮಾವೇಶಗಳಲ್ಲಿ ಪಳಗಿದ, ಅಲ್ಲಿನ ಮೂಲನಿವಾಸಿ ಮಾವೊರಿ ಹೆಂಗಸು. ಕಲೋಲೈನೆಯ ಪುಸ್ತಕವೊಂದನ್ನು ಎತ್ತಿ ನೋಡುತ್ತಾಳೆ, ಮೂರನೆಯ ಪಿನ್ನನ್ನೂ ನೋಡುತ್ತಾಳೆ.

"ಇದೇನೇ, ಪುಸ್ತಕ ಮಾರೋಕ್ ಬಂದಿದೀಯೋ, ಬೀಗ ಮಾರೋಕೋ? ಮುಚ್ಚಿಟ್ಟಿದ್ದನ್ನೇ ಮೊದ್ಲು ಬಿಚ್ತಾರೆ ಕಣೇ ಮಾರಾಯ್ತಿ."

ಕಲೋಲೈನೆ ನಂಬುವುದಿಲ್ಲ. ಟೊಂಗಾದ ಹೆಂಗಸರು ಸೊಂಟಕ್ಕೆ ಕಟ್ಟುವ ಕೇದಗೆ ಎಳೆಗಳ ಪಟ್ಟಿಯನ್ನು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ ತಮ್ಮನ ಮೇಲೆ ಕಣ್ಣಿಟ್ಟೇ ಕೂರುತ್ತಾಳೆ. ಚಿತ್ರಕಥೆಯ ಪಾತ್ರಗಳಂತೆ ವೇಷ ಹಾಕಿ ರೆಕ್ಕೆ ಕಟ್ಟಿಕೊಂಡವರು, ಬಾಲ ಕಟ್ಟಿಕೊಂಡವರು ಮುಂದೆ ಹಾದುಹೋಗುತ್ತಾರೆ. ಯಾರಾದರೂ ನಿಂತರೆ ಪುಸ್ತಕಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ನಿಲ್ಲದೆ ಹೋದರೆ ಮತ್ತೆ ಮುಂದಕ್ಕೆ ತಳ್ಳುತ್ತಾಳೆ. ಬರಲಿ ಎಂದೂ ಬೇಡ, ಬಾರದಿರಲಿ ಎಂದೂ ಬೇಡ.

ಕೊನೆಗೆ ಬೆಳ್ಳಿಕೂದಲಿನ ಹುಡುಗಿಯೊಬ್ಬಳು ಒಂದು ಪ್ರತಿ ಕೊಂಡು, ಅಲ್ಲೇ ನಿಂತು, ಉಗುರಿನಿಂದ ಆ ಪಿನ್ನನ್ನೇ ಮೊದಲು ಕೀಳುತ್ತಾಳೆ. ಒಳಗೆ ನೋಡಿ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ಗೆಳತಿಯನ್ನು ಕರೆಯುತ್ತಾಳೆ. ಮೆರಿಯಾನಾ ಹೇಳಿದ್ದೇ ಆಗುತ್ತದೆ. ಪಿನ್ನು ಹೊಡೆದ ಪುಟದ ಸುದ್ದಿ ಮೇಜಿನಿಂದ ಮೇಜಿಗೆ ಹಾರಿ, ಮಧ್ಯಾಹ್ನದ ಹೊತ್ತಿಗೆ ಓಡಾಡುವ ದಾರಿಯೇ ಮುಚ್ಚುವಷ್ಟು ಜನ. ದಾರಿ ಮುಚ್ಚಿದರೆ ಕಾವಲುಗಾರ ಬರಲೇಬೇಕು.

ಸೆಮಿಸಿ ಬರುತ್ತಾನೆ. ಅಕ್ಕನ ಮುಂದೆ ಇಷ್ಟೊಂದು ಜನ ಕಂಡು ಮುಖ ಊರಗಲ ಅರಳಿದೆ. ಕಲೋಲೈನೆ ಎರಡು ಕೈಯಗಲಿಸಿ ಪುಸ್ತಕಗಳ ಮೇಲೆ ಬೋರಲಾಗುತ್ತಾಳೆ. ಆದರೆ ಎಲ್ಲ ಪ್ರತಿಗಳೂ ಕೈಕೆಳಗಿಲ್ಲವಲ್ಲ. ತಗಡಿನ ಕವಚ ತೊಟ್ಟವನೊಬ್ಬ ತನ್ನ ಪ್ರತಿಯನ್ನು ಅಗಲಿಸಿ ಸೆಮಿಸಿಯ ಮೂಗಿನ ಕೆಳಗೆ ಹಿಡಿದು, ಎಂಥ ಮುತ್ತು ನೋಡಿ ಎನ್ನುತ್ತಾನೆ.

ಸೆಮಿಸಿ ನೋಡಿಬಿಡುತ್ತಾನೆ.

ಕಿವಿಗಳು ಕೆಂಪಾಗುತ್ತವೆ. ಕಣ್ಣು ಮೇಲಕ್ಕೆ, ಮಾಡಿನ ಕಡೆಗೆ ಹೋಗುತ್ತದೆ. ಅಕ್ಕನ ಮುಖ ನೋಡದೆ, ಬೆನ್ನು ತಿರುಗಿಸುತ್ತಾನೆ. ಚರ್ಚಿನ ಎರಡು ಬಾಗಿಲುಗಳು ಕಲೋಲೈನೆಯ ಕಣ್ಣಿಗೆ ಕಟ್ಟುತ್ತವೆ.

ಅವನು ಹೋಗುವುದಿಲ್ಲ. ಎರಡು ಹೆಜ್ಜೆ ಇಟ್ಟು, ಮೇಜಿಗೆ ಬೆನ್ನು ಕೊಟ್ಟು, ಜನರಿಗೆ ಎದೆ ಕೊಟ್ಟು, ಕದ ನಿಲ್ಲಿಸಿದ ಹಾಗೆ ನಿಲ್ಲುತ್ತಾನೆ.

"ಸಾಲು ಗೋಡೆ ಕಡೆಗೆ. ಒಬ್ಬೊಬ್ರೇ ಬನ್ನಿ. ತಗೊಂಡು ದೂರ ಹೋಗಿ ಓದ್ಕೊಳ್ಳಿ."

ಚರ್ಚಿನ ಹೆಂಗಸರೂ ಬರುತ್ತಾರೆ. ಏನಪ್ಪಾ ಅದು, ನಿನ್ನ ಅಕ್ಕ ಬರೆದಿರುವುದು ಎಂದು ಹಿರಿಯಳೊಬ್ಬಳು ಕೇಳಿದರೆ, ಅದು ಹೆಂಗಸರು ಓದುವ ಪುಸ್ತಕ, ನನ್ನನ್ನು ಕೇಳಬೇಡಿ ಎಂದು ಮೇಲಿನ ಮಾಡು ನೋಡುತ್ತಲೇ ಹೇಳುತ್ತಾನೆ. ಆಕೆ ಕೊಳ್ಳುತ್ತಾಳೆ, ಕೊಡೆಯ ತುದಿಯಿಂದ ಪಿನ್ನು ಕೀಳಲು ಹೊರಡುತ್ತಾಳೆ.

ಜನ ಕರಗಿದ ಮೇಲೂ ಸೆಮಿಸಿ ತಿರುಗುವುದಿಲ್ಲ. ಆ ಅಗಲ ಬೆನ್ನು ನೋಡುತ್ತ ಕಲೋಲೈನೆ ಉಳಿದ ಪ್ರತಿಗಳ ಅಂಚು ಕೂಡಿಸುತ್ತಾಳೆ. ಆಗ ಬೆನ್ನಿನ ಆಚೆಯಿಂದ ಮಾತು ಬರುತ್ತದೆ.

"ಅಕ್ಕ, ನಂಗೊಂದು ತೆಗ್ದಿಡು."

ಆಕೆ ರಾಶಿಯಿಂದ ಒಂದು ಪ್ರತಿ ಎತ್ತಿಕೊಳ್ಳುತ್ತಾಳೆ.

"ಭಾವ ಬಸ್ ಓಡ್ಸೋದು ಅದ್ರಲ್ಲಿ ಇದ್ಯಂತಲ್ಲ, ಅದ್ ನೋಡ್ಬೇಕು. ಆ ಪುಟಕ್ ಮಾತ್ರ ಇನ್ನೆರಡು ಪಿನ್ ಹೊಡ್ದು ಕೊಡು."

ಸೋಮವಾರ ಕಲೋಲೈನೆ ಮತ್ತೆ ಕಾರ್ಖಾನೆಯ ಹಬೆಯಲ್ಲಿ ನಿಂತಿದ್ದಾಳೆ. ಮುಂದಿನ ಆಸೆ ಏನೆಂದು ಪಕ್ಕದಲ್ಲಿ ಮಡಿಸುವವಳು ಕೇಳಿದರೆ, ಕೈ ನಿಲ್ಲಿಸದೆಯೇ ಉತ್ತರ ಕೊಡುತ್ತಾಳೆ. ಇನ್ನೊಂದು ಪುಸ್ತಕ, ಅಷ್ಟೇ ಎನ್ನುತ್ತಾಳೆ. ಹೆದರಿಕೆ ಹೋಗಿಲ್ಲವಂತೆ. ಮಡಿಸಿದ್ದನ್ನು ರಾಶಿಯ ಮೇಲಿಟ್ಟು, ಅಂಚು ಸವರಿ, ದನಿ ತಗ್ಗಿಸುತ್ತಾಳೆ.

"ಅದ್ರಲ್ಲೂ ಮುತ್ತು ಇರುತ್ತೆ. ಪಿನ್ನು ಹೊಡೆಯಲ್ಲ. ನನ್ ತಮ್ಮನ ಪ್ರತಿ ಒಂದು ಬಿಟ್ಟು."